ತೈವಾನಿನ ಪುಟ್ಟ ಹರೆಲ್ಲಾ ಕಾಸರಗೋಡಿನ ಬದಿಯಡ್ಕದಲ್ಲಿ ಉಳಿಯುತ್ತದಾ?

ಬದಿಯಡ್ಕದಿಂದ: ಹರೆಲ್ಲಾ ಆರ್ಕಿಡ್ ತರಿಸಬೇಕೆಂದಿದ್ದೇನೆ. ಅಡಿಕೆ ತೋಟದ ಬದಿಯ ಮನೆ, ಜಗಲಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಮಳೆಗಾಲ ದಾಟೀತಾ? ಸಾಕಿದವರು ಹೇಳಿ.

ಪೆರ್ಲದಿಂದ: ಧೈರ್ಯವಾಗಿ ತರಿಸಿ ಮಾರಾಯ್ರೇ. ನನ್ನದು ವರ್ಷದಲ್ಲಿ ಹಲವು ಸಲ ಹೂ ಬಿಡುತ್ತದೆ. ಗಿಡ ಅಂಗೈಯೊಳಗೆ ಹಿಡಿಯುತ್ತದೆ, ಹೂ ಮಾತ್ರ ಗಿಡದ ಅಳತೆಗೆ ದೊಡ್ಡದೇ. ಹಳದಿ, ನಡುವೆ ಕಂದುಗೆಂಪು ಮಚ್ಚೆ, ಮೂಗಿನ ಹತ್ತಿರ ಹಿಡಿದರೆ ಲಿಂಬೆಯ ಪರಿಮಳ. ಗಿಡಕ್ಕೆ 850, ಕೊರಿಯರ್‌ಗೆ 180, ಗಿಡ ಕಟ್ಟುವ ಕಾರ್ಕ್ ತೊಗಟೆಯ ತುಂಡಿಗೆ 220. ತೆಂಗಿನ ಸಿಪ್ಪೆಗೆ ಕಟ್ಟು ಅಂತ ಎಲ್ಲರೂ ಹೇಳಿದರು, ನಾನು ಕೇಳಲಿಲ್ಲ. ಜುಲೈಯಲ್ಲಿ ಸಿಪ್ಪೆ ಒಣಗುವುದುಂಟಾ? ಬೇರು ಬೆಳ್ಳಗಾದ ಮೇಲೆಯೇ ನೀರು. ಸಿಂಪಡಿಸಿದ ಕೂಡಲೇ ಹಸಿರಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಮುಳ್ಳೇರಿಯದಿಂದ: ಕಾರ್ಕಿಗೆ ದುಡ್ಡು ಸುರಿಯುವುದು ಯಾಕೆ? ಸಿಪ್ಪೆಯನ್ನು ನೆನೆಹಾಕಿ ಚೊಗರು ಬಿಡಿಸಿದರೆ ಏನೂ ಆಗುವುದಿಲ್ಲ. ನನ್ನ ಡೆಂಡ್ರೋಬಿಯಂ ಆರ್ಕಿಡ್ ಎಲ್ಲ ಅದರಲ್ಲೇ ಇವೆ.

ಪೆರ್ಲದಿಂದ: ಡೆಂಡ್ರೋಬಿಯಂ ಗಟ್ಟಿ ಜೀವ. ಹರೆಲ್ಲಾದ ಬೇರು ದಾರದಷ್ಟು ಸಪೂರ. ಸಾಕದೆ ಸಲಹೆ ಕೊಡಬೇಡಿ.

ಕುಂಬಳೆಯಿಂದ: ನನ್ನ ಮಾಸ್ಡೆವಾಲಿಯಾ ಆರ್ಕಿಡ್ ಕಥೆ ಕೇಳಿ. ಗಿಡಕ್ಕೆ 1,600. "ಕರಾವಳಿಗೆ ಆಗುತ್ತದೆ" ಅಂತ ಮಾರಿದವರೇ ಹೇಳಿದ್ದರು. ಆಂಡೀಸ್ ಬೆಟ್ಟದ ಮಂಜಿನ ಕಾಡಿನ ಗಿಡ ಅದು! ನಮ್ಮ ಏಪ್ರಿಲ್ ರಾತ್ರಿಯ ಸೆಕೆ ತಡೆಯುತ್ತದಾ? ಫ್ಯಾನಿಗೆ 1,450, ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ಗೆ 2,300, ಕರೆಂಟು ಬಿಲ್ಲು ಬೇರೆ. ಎಲೆಗಳು ಒಂದೊಂದಾಗಿ ಕಪ್ಪಾಗಿ ಉದುರಿದವು. ಹಣ ವಾಪಸ್ ಕೇಳಿದರೆ ನಾನೇ ನೀರು ಜಾಸ್ತಿ ಹಾಕಿದ್ದಂತೆ.

ಮುಳ್ಳೇರಿಯದಿಂದ: ಪ್ರಶ್ನೆ ಹರೆಲ್ಲಾದ್ದು ಅಲ್ವಾ?

ಕುಂಬಳೆಯಿಂದ: ಅದೇನು ಕುಂಬಳೆ ಪೇಟೆಯದ್ದಾ? ಅದೂ ಬೆಟ್ಟದ ಕಾಡಿನದ್ದೇ.

ಪೆರ್ಲದಿಂದ: ಬೆಟ್ಟವೆಲ್ಲ ಒಂದೇ ಎತ್ತರವಾ? ಇದು ನಡು ಎತ್ತರದ್ದು, ನಮ್ಮ ಸೆಕೆಗೆ ಸ್ವಲ್ಪ ಹೊಂದಿಕೊಳ್ಳುತ್ತದೆ. ನೆರಳು, ಗಾಳಿ ಇರಬೇಕು ಅಷ್ಟೆ. ನಿಮ್ಮ ಸಿಟ್ಟು ಮಾರಿದವರ ಮೇಲೆ ತೋರಿಸಿ.

ಅಡೂರಿನಿಂದ: ಅಡಿಕೆ ತೋಟದ ಬದಿ ಅಂದದ್ದನ್ನು ಯಾರೂ ಓದಲಿಲ್ಲವಾ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಗಿಡ ಒಳಗಿರಬೇಕು. ಅದರಲ್ಲಿರುವ ತಾಮ್ರ ಹಲವು ಆರ್ಕಿಡ್‌ಗಳಿಗೆ ಆಗುವುದಿಲ್ಲ. ಪಕ್ಕದ ತೋಟದ ಮದ್ದು ಗಾಳಿಗೆ ಹಾರಿ ಬಂತು, ನನ್ನ ಗಿಡಗಳ ಹಸಿರು ಬೇರುತುದಿಗಳೆಲ್ಲ ಕರಟಿ ಹೋದವು. ಒಂದು ಮಾತು ಹೇಳಿ ಬಿಡಬಹುದಿತ್ತು.

ಮುಳ್ಳೇರಿಯದಿಂದ: ಮಳೆ ಬಿಟ್ಟ ಅರ್ಧ ದಿನದಲ್ಲಿ ಮದ್ದು ಬಿಡುವ ಜನ ಸಿಗುವುದೇ ಕಷ್ಟ. ನಿಮ್ಮ ಹೂಗಿಡಕ್ಕೆ ನೋಟಿಸ್ ಕೊಡುತ್ತಾ ಕೂರುವುದಾ?

ಅಡೂರಿನಿಂದ: ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು?

ಬದಿಯಡ್ಕದಿಂದ: ಮದ್ದು ಬಿಡುವುದು ನಮ್ಮದೇ ತೋಟಕ್ಕೆ, ಗಿಡ ಒಳಗಿಡಬಹುದು. ಕಾರ್ಕ್ ಎಲ್ಲಿ ಸಿಗುತ್ತದೆ?

ಕುಂಬಳೆಯಿಂದ: ಕಾರ್ಕ್ ಗೊತ್ತಿಲ್ಲ. ಹ್ಯೂಮಿಡಿಫೈಯರ್ ಬೇಕಾದರೆ 1,200ಕ್ಕೆ ಕೊಡುತ್ತೇನೆ.