ಗಾಳಿ ತೆಗೆದರೆ ಗೇಟು ಬಿಟ್ಟು ಹೋಗುತ್ತಾ?

(ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ. ತಿಂಡಿ ಆಗಿ ಎಲ್ಲರ ಕೈಗೂ ಫೋನು ಬಂದ ಹೊತ್ತು.)

ದೊಡ್ಡಪ್ಪ: (ಫೋಟೊ: ಯಾರದೋ ಮನೆಯ ಗೇಟಿಗೆ ಅಡ್ಡ ನಿಂತ ಬಿಳಿ ಕಾರು. ಮುಂದಿನ ಎರಡೂ ಟೈರು ನೆಲಕ್ಕೆ ಅಂಟಿವೆ. ವೈಪರ್‌ಗೆ ಸಿಕ್ಕಿಸಿದ ಚೀಟಿ: ‘ನಿಮ್ಮ ಗಾಳಿ ನಮ್ಮ ಹತ್ತಿರ ಭದ್ರವಾಗಿದೆ. ಸಂಜೆ ಬಂದು ತಗೊಂಡು ಹೋಗಿ.’)

ದೊಡ್ಡಪ್ಪ: ಇದಪ್ಪಾ ಸರಿಯಾದ ಮದ್ದು. ನಮ್ಮ ಗೇಟಿಗೂ ಬೋರ್ಡ್ ಬರೆಸುತ್ತೇನೆ. ‘ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.’

ಅತ್ತೆ: ಹ್ಹ ಹ್ಹ ಹ್ಹ. ಚೀಟಿ ಬರೆದವರ ಕೈಗೆ ಚಿನ್ನದ ಬಳೆ ತೊಡಿಸಬೇಕು.

ಪುಟ್ಟು: ದೊಡ್ಡಪ್ಪ, ಒಂದು ಡೌಟು. ಆ ಕಾರು ಗೇಟಿನ ಮುಂದಿನಿಂದ ಹೋಗಬೇಕು, ಅಷ್ಟೇ ತಾನೇ ಬೇಕಿರೋದು? ಗಾಳಿ ತೆಗೆದ ಮೇಲೆ ಅದು ಹೇಗೆ ಹೋಗುತ್ತದೆ?

ದೊಡ್ಡಪ್ಪ: ಅವನಿಗೆ ಬುದ್ಧಿ ಬರುತ್ತದೆ.

ಪುಟ್ಟು: ಬುದ್ಧಿ ಬರುತ್ತದೆ, ಕಾರು ಹೋಗಲ್ಲ.

ಚಿಕ್ಕಪ್ಪ: ಪುಟ್ಟು ಹೇಳಿದ್ದು ಸರಿ ಅಣ್ಣ. ಸ್ಟೆಪ್ನಿ ಇರುವುದು ಒಂದೇ. ಎರಡು ಚಕ್ರ ಕೂತರೆ ಪಂಕ್ಚರ್ ಅಂಗಡಿಯವನೇ ಬರಬೇಕು. ಭಾನುವಾರ ಅವನು ಫೋನ್ ಎತ್ತುತ್ತಾನಾ? ಅಲ್ಲಿಯವರೆಗೆ ನಿನ್ನ ಕಾರು ಒಳಗೆ, ಅವನ ಕಾರು ಹೊರಗೆ. ಇಬ್ಬರೂ ಕೂತು ಕಾಫಿ ಕುಡಿಯಿರಿ.

ದೊಡ್ಡಪ್ಪ: ಮೈಸೂರಲ್ಲಿ ಅಗಲ ರಸ್ತೆ ಇಟ್ಟುಕೊಂಡು ಮಾತಾಡುವುದು ಸುಲಭ. ಮಲ್ಲೇಶ್ವರಕ್ಕೆ ಬಂದು ನೋಡು.

ವಕೀಲ ಮಾವ: ಬೋರ್ಡ್ ಹಾಕುವ ಮುಂಚೆ ಮೋಟಾರು ವಾಹನ ಕಾಯ್ದೆಯ 198ನೇ ಸೆಕ್ಷನ್ ಓದಿ ಭಾವ. ನಿಂತ ಗಾಡಿಯನ್ನು ಸರಿಯಾದ ಕಾರಣವಿಲ್ಲದೆ ಸರಿಸುವುದು, ಅದರ ಬ್ರೇಕು ಗೀಕು ಕೆದಕುವುದು ತಪ್ಪು. ಹಾಳು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಬೇರೆ ಇದೆ. ಬೋರ್ಡ್ ಬರೆಸುವುದು ಅಂದರೆ ನೀವೇ ಸಾಕ್ಷಿ ಬರೆದು ಗೇಟಿಗೆ ನೇತುಹಾಕಿದ ಹಾಗೆ.

ದೊಡ್ಡಪ್ಪ: ‘ಸರಿಯಾದ ಕಾರಣವಿಲ್ಲದೆ’ ಅಂದೆಯಲ್ಲ? ನನಗೆ ಕಾರಣ ಇದೆ. ಗೇಟೇ ಕಾರಣ.

ವಕೀಲ ಮಾವ: ಗೇಟಿಗೆ ಅಡ್ಡ ನಿಲ್ಲಿಸಿದ್ದು ಅವನ ತಪ್ಪೇ. 2017ರ ಚಾಲನಾ ನಿಯಮದಲ್ಲೇ ಇದೆ, ಫುಟ್‌ಪಾತ್ ಮೇಲೆ ನಿಲ್ಲಿಸಬಾರದು ಅನ್ನುವುದೂ ಇದೆ. ಆದರೆ ಗಾಡಿ ಎತ್ತಿಸುವುದು ಪೊಲೀಸರ ಕೆಲಸ. ನಿಮ್ಮದಲ್ಲ.

ದೊಡ್ಡಪ್ಪ: ಎತ್ತುವವರು ಎಲ್ಲಿದ್ದಾರೆ? 2022ರಲ್ಲಿ ಟೋಯಿಂಗ್ ನಿಲ್ಲಿಸಿದ ಮೇಲೆ ಎಲ್ಲರಿಗೂ ಕೊಬ್ಬು ಬಂತು.

ಅತ್ತೆ: ಅಯ್ಯೋ, ಆ ‘ಟೈಗರ್’ ಗಾಡಿ! ಮೈಕಿನಲ್ಲಿ ನಂಬರ್ ಕೂಗಿದ್ದು ಕೇಳಿಸುವಷ್ಟರಲ್ಲಿ ಹುಡುಗರು ಧುಮುಕಿ ಸ್ಕೂಟರ್ ಎತ್ತಿ ಆಗಿರುತ್ತಿತ್ತು. ನಮ್ಮವರು ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು, ಇನ್ನೊಂದು ಕೈಯಲ್ಲಿ ಬೀಗದ ಕೈ ಹಿಡಿದು ಅದರ ಹಿಂದೆ ಓಡಿದ್ದು ನೆನಪಿದೆಯಾ?

ಪುಟ್ಟು: ಸಂಚಾರ ಪೊಲೀಸರ ಅಸ್ತ್ರಂ ಆಪ್ ಇದೆಯಲ್ಲ. ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ ತೆಗೆದು ಹಾಕಿ. ಕೈಯೂ ಕೊಳೆ ಆಗಲ್ಲ.

ದೊಡ್ಡಪ್ಪ: ಹಾಕಿದರೆ? ದಂಡ ಬೀಳುತ್ತದೆ, ಅವನು ಕಟ್ಟಲ್ಲ. 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ಇಳಿಸಿದರು, ಜನ ಸಾಲು ನಿಂತು ಕಟ್ಟಿದರು. 2025ರಲ್ಲಿ ಮತ್ತೆ ಅರ್ಧ. ದಂಡಕ್ಕೂ ಆಷಾಢ ಸೇಲ್ ಬಂದ ಮೇಲೆ ಪೂರ್ತಿ ರೇಟಿಗೆ ಯಾರು ತಗೋತಾರೆ?

(ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ವಕೀಲ ಮಾವ ಕೂಡ ಹೆಬ್ಬೆರಳು ಎತ್ತಿ ಸುಮ್ಮನಾದರು.)

ಚಿಕ್ಕಪ್ಪ: (ವಿಡಿಯೊ: ಕೋಟು ತೊಟ್ಟವನೊಬ್ಬ ಮಿಲಿಟರಿ ಗಾಡಿ ಹತ್ತಿ ರಸ್ತೆ ಬದಿಯ ಬೆಂಜ್ ಕಾರನ್ನು ಅಪ್ಪಚ್ಚಿ ಮಾಡುತ್ತಾನೆ.)

ಚಿಕ್ಕಪ್ಪ: ಅಣ್ಣ, ಗಾಳಿ ಎಲ್ಲ ಹಳೇ ಕಾಲ. ಇದನ್ನು ಬಾಡಿಗೆಗೆ ತಗೋ.

ಅತ್ತೆ: ಇದೆಲ್ಲ ಎಐ. ಈಗ ಏನು ಬೇಕಾದರೂ ಮಾಡುತ್ತಾರೆ.

ಚಿನ್ನಿ (ನಗೋಯ): ಎಐ ಅಲ್ಲ ಅತ್ತೆ, ಹಳೇ ವಿಡಿಯೊ. 2011. ಲಿಥುವೇನಿಯದ ವಿಲ್ನಿಯಸ್ ಊರಿನ ಮೇಯರ್ ಅರ್ತೂರಾಸ್ ಜುವೊಕಾಸ್. ಸೈಕಲ್ ದಾರಿಯಲ್ಲಿ ಕಾರು ನಿಲ್ಲಿಸುವವರಿಗೆ ಎಚ್ಚರಿಕೆ ಅಂತ ಮಾಡಿದ್ದು. ಆ ವರ್ಷದ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಇದಕ್ಕೇ ಬಂತು. ಪೂರ್ತಿ ನೋಡಿ, ಆಮೇಲೆ ಅವನೇ ಪೊರಕೆ ಹಿಡಿದು ಗಾಜು ಗುಡಿಸುತ್ತಾನೆ.

ದೊಡ್ಡಪ್ಪ: ನೋಡಿ! ಶಾಂತಿ ಪ್ರಶಸ್ತಿ! ನಾನು ಬರೀ ಗಾಳಿ ತೆಗೆಯುತ್ತೇನೆ ಅಂದಿದ್ದಕ್ಕೆ ಸೆಕ್ಷನ್ ಓದಿಸುತ್ತೀರಿ.

ಚಿನ್ನಿ (ನಗೋಯ): ಅದು ನಗಿಸೋಕೆ ಕೊಡುವ ಪ್ರಶಸ್ತಿ ದೊಡ್ಡಪ್ಪ. ಆ ಕಾರೂ ಅದಕ್ಕೆಂದೇ ತಂದು ನಿಲ್ಲಿಸಿದ್ದು. ಊರಿನ ಮೇಯರೇ ಬೇರೆಯವರ ಕಾರು ಮುಟ್ಟಲಿಲ್ಲ.

ದೊಡ್ಡಪ್ಪ: ನಿಮ್ಮ ಜಪಾನಿನಲ್ಲಿ ಏನು ಮಾಡುತ್ತಾರೆ ಹೇಳು ಮತ್ತೆ.

ಚಿನ್ನಿ (ನಗೋಯ): ಇಲ್ಲಿ ಕಾರು ತಗೊಳ್ಳುವ ಮೊದಲೇ ನಿಲ್ಲಿಸೋಕೆ ಜಾಗ ತೋರಿಸಬೇಕು. 1962ರಿಂದಲೇ ಕಾನೂನಿದೆ. ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗ ಇರಬೇಕು, ಕಾರು ಅದರಲ್ಲಿ ಹಿಡಿಸಬೇಕು, ಪೊಲೀಸರು ಪತ್ರ ಕೊಡಬೇಕು. ನಾವು ನಕ್ಷೆ ಬರೆದು ಅಳತೆ ಹಾಕಿ ಕೊಟ್ಟಿದ್ದೆವು. ತಿಂಗಳ ಬಾಡಿಗೆ ಬೇರೆ.

ಪುಟ್ಟು: ನಮ್ಮಲ್ಲಿ ಹಾಗೆ ಕೇಳಿದರೆ ದೊಡ್ಡಪ್ಪನ ಎರಡನೇ ಕಾರು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಬೇಕಾಗುತ್ತದೆ.

ದೊಡ್ಡಪ್ಪ: ಅದು ಮನೆ ಮುಂದೆ ನಿಲ್ಲುತ್ತದೆ. ನಮ್ಮ ಮನೆ ಮುಂದೆ.

ಪುಟ್ಟು: ಅದು ರಸ್ತೆ.

ದೊಡ್ಡಪ್ಪ: ನಮ್ಮ ಮನೆ ಮುಂದಿನ ರಸ್ತೆ.

ಪುಟ್ಟು: ಕಾಂಪೌಂಡ್ ಉದ್ದಕ್ಕೂ ಎರಡು ಕುಂಡ, ಸುಣ್ಣ ಬಳಿದ ಟೈರು, ಸಿಮೆಂಟ್ ತುಂಬಿ ಪೈಪು ನೆಟ್ಟ ಎಣ್ಣೆ ಡಬ್ಬ, ಅದಕ್ಕೊಂದು ಸರಪಳಿ. ಅದನ್ನೂ ಫೋಟೊ ತೆಗೆದು ಹಾಕಲಾ? ಯಾರೋ ಪಾಪ ಹತ್ತು ನಿಮಿಷ ಕಾಂಪೌಂಡ್ ಪಕ್ಕ ನಿಲ್ಲಿಸೋಣ ಅಂದರೆ ಜಾಗ ಇಲ್ಲ. ಅವನು ಗೇಟಿಗೆ ಅಡ್ಡ ನಿಲ್ಲಿಸದೆ ಇನ್ನೆಲ್ಲಿ ನಿಲ್ಲಿಸುತ್ತಾನೆ? ಇಡೀ ಬೀದಿಯಲ್ಲಿ ಡಬ್ಬ ಇಲ್ಲದ ಜಾಗ ಅಂದರೆ ಗೇಟು ಮಾತ್ರ.

ಚಿಕ್ಕಪ್ಪ: ಹೊಡೆದ ನೋಡು ಸಿಕ್ಸರ್.

ವಕೀಲ ಮಾವ: ಹುಡುಗ ಹೇಳಿದ್ದರಲ್ಲಿ ನ್ಯಾಯ ಇದೆ. ಗೇಟಿನ ಅಗಲಕ್ಕೆ ನಿಮಗೆ ಹಕ್ಕು. ಕಾಂಪೌಂಡಿನ ಉದ್ದಕ್ಕೆ ಇಲ್ಲ. ಕುಂಡ ಇಟ್ಟಿದ್ದೂ ಒತ್ತುವರಿಯೇ.

ದೊಡ್ಡಪ್ಪ: ಕುಂಡದಲ್ಲಿ ತುಳಸಿ ಇದೆ.

ಅತ್ತೆ: ಜಗಳ ಸಾಕು, ನನ್ನ ಕಥೆ ಕೇಳಿ. ಗೌರಿ ಹಬ್ಬದ ಹಿಂದಿನ ದಿನ, ಎಂಟನೇ ಕ್ರಾಸ್ ಹತ್ತಿರ ನಮ್ಮ ಅಕ್ಕನ ಮನೆ. ಗೇಟಿಗೆ ಅಡ್ಡ ಕೆಂಪು ಕಾರು. ಗಾಜಿನೊಳಗೆ ಮದುವೆ ಕಾರ್ಡಿನ ಹಿಂದೆ ಬರೆದ ಫೋನ್ ನಂಬರ್. ಒಳ್ಳೆಯವನು ಅಂದುಕೊಂಡೆ. ಫೋನ್ ಮಾಡಿದರೆ ‘ಎರಡೇ ನಿಮಿಷ ಮೇಡಂ’. ಮತ್ತೆ ಮಾಡಿದರೆ ‘ಬಂದೆ, ಇಲ್ಲೇ ಇದ್ದೀನಿ’. ಹಿಂದಿನಿಂದ ‘ಸೇವಂತಿಗೆ ಮಾರು ಎಷ್ಟು’ ಅಂತ ಅವನೇ ಚೌಕಾಸಿ ಮಾಡೋದು ಕೇಳಿಸುತ್ತಿದೆ. ಕೊನೆಗೆ ಬಂದ. ಹೆಗಲ ಮೇಲೆ ಬಾಳೆಕಂದು, ಬಗಲಲ್ಲಿ ಗೌರಿ. ಸಾರಿ ಸಾರಿ ಅನ್ನುತ್ತಾ ಗೌರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಕಾರು ಸ್ಟಾರ್ಟ್ ಮಾಡಿದ. ಹಿಂದಕ್ಕೆ ತಗೊಂಡ. ಪಕ್ಕದ ಮನೆ ಗೇಟಿಗೆ ಅಡ್ಡ ನಿಲ್ಲಿಸಿದ. ಇಳಿದು, ‘ಗಣೇಶ ಒಂದು ಬಾಕಿ ಇದೆ ಮೇಡಂ’ ಅಂತ ಮತ್ತೆ ಮಾರ್ಕೆಟ್ಟಿಗೆ ಹೋದ!

ಚಿನ್ನಿ (ನಗೋಯ): ಗೌರಿಗೆ ಸೀಟ್ ಬೆಲ್ಟ್!! ಬಿದ್ದು ಬಿದ್ದು ನಕ್ಕೆ.

ಚಿಕ್ಕಪ್ಪ: ಅವನು ಎಷ್ಟೋ ವಾಸಿ, ನಂಬರ್ ಇಟ್ಟಿದ್ದ. ನಮ್ಮ ಬೀದಿಯ ಮೇಷ್ಟ್ರ ಸ್ಕೂಟರ್ ಹಿಂದೆ ಹೋಗಿ ನೋಡಿ. ಇಂಡಿಕೇಟರ್ ಬಲಕ್ಕೆ, ಕೈ ಎಡಕ್ಕೆ, ಗಾಡಿ ನೇರ.

ಪುಟ್ಟು: ನಮ್ಮ ಆಫೀಸ್ ಹತ್ತಿರದ ಪಾರ್ಕಿಂಗ್‌ನಲ್ಲಿ ಕಾರಿನ ಹಿಂದೆ ಕಾರು. ‘ಹ್ಯಾಂಡ್ ಬ್ರೇಕ್ ಹಾಕಬೇಡಿ, ನ್ಯೂಟ್ರಲ್‌ನಲ್ಲಿ ಬಿಡಿ’ ಅನ್ನುತ್ತಾರೆ. ಸಂಜೆ ಟೈ ಕಟ್ಟಿದವರೆಲ್ಲ ಸೇರಿ ಐಸಾ ಅಂತ ತಳ್ಳುತ್ತೇವೆ. ಮಧ್ಯದಲ್ಲಿ ಒಂದು ಆಟೋಮ್ಯಾಟಿಕ್ ಕಾರು ‘ಪಿ’ಯಲ್ಲಿ ನಿಂತಿದ್ದರೆ ಮುಗೀತು, ಆನೆ ಬಂದರೂ ಅಲುಗಲ್ಲ.

ದೊಡ್ಡಪ್ಪ: ನೀವೆಲ್ಲ ನಗುತ್ತಾ ಇರಿ. ಹೋದ ತಿಂಗಳು ರಾತ್ರಿ ನಿಮ್ಮ ದೊಡ್ಡಮ್ಮನಿಗೆ ಉಬ್ಬಸ ಬಂದಾಗ ಗೇಟಿನ ಮುಂದೆ ಒಂದು ವ್ಯಾನ್. ನಂಬರೂ ಇಲ್ಲ ಚೀಟಿಯೂ ಇಲ್ಲ. ಹಾರ್ನ್ ಹೊಡೆದು ಹೊಡೆದು ಬೀದಿಯೆಲ್ಲ ಎದ್ದಿತು, ಅವನೊಬ್ಬ ಏಳಲಿಲ್ಲ. ಆಟೋ ಹಿಡಿದು ಹೋದೆವು. ಆವತ್ತು ನಾನು ಗಾಳಿ ತೆಗೆಯಲಿಲ್ಲ. ಬೋರ್ಡ್ ಹಾಕೋಣ ಅಂದರೂ ತಪ್ಪಾ?

ಪುಟ್ಟು: ಇದನ್ನು ನೀವು ಹೇಳಲೇ ಇಲ್ಲ ದೊಡ್ಡಪ್ಪ.

ವಕೀಲ ಮಾವ: ಬೋರ್ಡ್ ಹಾಕಿ ಭಾವ. ಗಾಳಿ ಮಾತು ಮಾತ್ರ ಬೇಡ. ಹೀಗೆ ಬರೆಸಿ: ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಕಾಂಪೌಂಡ್ ಪಕ್ಕ ನಿಲ್ಲಿಸಿ, ಫೋನ್ ನಂಬರ್ ಇಟ್ಟು ಹೋಗಿ.’

ದೊಡ್ಡಪ್ಪ: ಮೊದಲನೇ ಸಾಲು ಸಾಕು.

ಪುಟ್ಟು: ಎರಡನೇ ಸಾಲು ಇಲ್ಲದಿದ್ದರೆ ಮೊದಲನೆಯದನ್ನು ಯಾರೂ ಕೇಳಲ್ಲ.

ದೊಡ್ಡಪ್ಪ: ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾನೆ. ಅಷ್ಟುದ್ದ ಬರೆಸಲು ಆಗಲ್ಲ.

ದೊಡ್ಡಮ್ಮ: ಎರಡನೇ ಸಾಲಿನ ದುಡ್ಡು ನಾನು ಕೊಡುತ್ತೇನೆ. ಪುಟ್ಟು, ನೀನು ಸಂಜೆ ಬಂದು ಆ ಡಬ್ಬ ಎತ್ತಿ ಹಿತ್ತಲಿಗೆ ಹಾಕು. ಇವರಿಗೆ ಸೊಂಟ ಹಿಡಿದಿದೆ.

ದೊಡ್ಡಪ್ಪ: ತುಳಸಿ ಅಲ್ಲೇ ಇರಲಿ.