ಬೆನ್ನಿನ ಒಳಗಿನ ಸ್ನಾಯು: ನರನಾ, ಕಂಡನಾ, ಪೇಶಿನಾ?

ಎಲ್ರಿಗೂ ನಮಸ್ಕಾರ. ನಾನು ರಾಜಾಜಿನಗರದಲ್ಲಿ ಫಿಸಿಯೋಥೆರಪಿ ಮಾಡ್ತೀನಿ, ಬೆನ್ನುನೋವಿನವರಿಗೆ ಮನೇಲಿ ಮಾಡೋ ಎಕ್ಸರ್ಸೈಜ್ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆಯೋಣ ಅಂತ ಕೂತಿದೀನಿ, ಮೊದಲ್ನೇ ಸಾಲಲ್ಲೇ ನಿಂತುಹೋಗಿದೆ.

ಹೋದ ವಾರ ಒಬ್ರು ಅಜ್ಜಿ ಬಂದಿದ್ರು. ಬೆನ್ನುಮೂಳೆ ಪಕ್ಕದಲ್ಲಿ ದಿಂಡಿನ ಥರ ಉದ್ದಕ್ಕೆ ಇರತ್ತಲ್ಲ, ಅದನ್ನ ಒತ್ತಿ ತೋರ್ಸಿ "ಈ ನರ ಹಿಡ್ಕೊಂಡ್‌ಬಿಟ್ಟಿದೆ ಕಣಪ್ಪಾ" ಅಂದ್ರು. ಅದು ನರ ಅಲ್ಲ ಅಜ್ಜಿ, ಸ್ನಾಯು ಅಂದೆ. "ಹಂಗಂದ್ರೆ?" ಅಂದ್ರು. ಮಸಲ್ ಅಂದ್ಮೇಲೆ ತಲೆ ಆಡಿಸಿದ್ರು. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಹೇಳ್ಬೇಕಾಗಿ ಬಂತಲ್ಲ ಅಂತ ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಅಜ್ಜಿ ತಪ್ಪು ಅಂತ ನಂಗನ್ಸಲ್ಲ. ಆಡುಮಾತಲ್ಲಿ ನರ್ವೂ ನರ, ಕೈಮೇಲೆ ಉಬ್ಬೋ ರಕ್ತನಾಳಾನೂ ನರ, ಹಿಮ್ಮಡಿ ಹಿಂದಿನ ಟೆಂಡನ್ನೂ (ಮಸಲ್ಲನ್ನ ಮೂಳೆಗೆ ಕಟ್ಟೋ ಹುರಿ) ನರ, ನರಪೇತಲ ಅನ್ನುವಾಗ ಮನಸ್ಸಿಗೆ ಬರೋದೂ ಇದೇ. ಎಡವಟ್ಟಿರೋದು ಸ್ನಾಯು ಅನ್ನೋ ಪದದಲ್ಲೇ. ಹಳೇ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೇಲಿ ಪೇಶಿ (ಅಂದ್ರೆ ಮಸಲ್ಲು) 500, ಸ್ನಾಯು 900 ಅಂತ ಎರಡಕ್ಕೂ ಬೇರೆ ಬೇರೆ ಲೆಕ್ಕ, ಅಲ್ಲಿ ಸ್ನಾಯು ಅಂದ್ರೆ ಮೂಳೆ ಮಾಂಸಾನ ಬಿಗಿಯಾಗಿ ಕಟ್ಟಿಡೋ ನಾರು. ಅದೇ ಪದ ಬಂಗಾಳೀಲಿ ನರ್ವ್ ಆಗಿದೆ, ಮಲಯಾಳದಲ್ಲಿ ಲಿಗಮೆಂಟು (ಮೂಳೆಗೆ ಮೂಳೆ ಕಟ್ಟೋ ನಾರು), ಮರಾಠೀಲಿ ನಮ್ಮ ಹಾಗೇ ಮಸಲ್ಲು, ಆದ್ರೆ ಅವ್ರಿಗೆ ಪೇಶಿ ಅಂದ್ರೆ ಜೀವಕೋಶ! ನಮ್ಮ ಶಾಲೆ ಪುಸ್ತಕಗಳಲ್ಲಿ ಸ್ನಾಯು ನೆಲೆ ನಿಂತಿದೆ, ಅದನ್ನ ಬಿಡೋದು ಬೇಡ, ಆದ್ರೆ ಶಾಲೆಗೆ ಹೋಗದೆ ಇರೋರಿಗೆ ಏನು ಹೇಳೋದು?

ಇನ್ನೊಂದು ತೊಡಕು, ಬೆನ್ನಿನ ಒಳಗಿನ ಸ್ನಾಯುಗಳಿಗೆ ಇಂಗ್ಲಿಷಲ್ಲಿ ಹೇಳೋ 'ಡೀಪ್' ಅನ್ನೋದು. ಆಳದ ಸ್ನಾಯು ಅಂತ ಬರೆದ್ರೆ ಎಲ್ಲೋ ಹೊಟ್ಟೆ ಒಳಗಡೆ ಇದೆ ಅನ್ಸತ್ತೆ. ಅಜ್ಜಿ ಒತ್ತಿ ತೋರ್ಸಿದ್ದು ಇರೆಕ್ಟರ್ ಸ್ಪೈನಿ (ಬೆನ್ನನ್ನ ನೆಟ್ಟಗೆ ನಿಲ್ಸೋ ಸ್ನಾಯು), ಕೈಗೇ ಸಿಗತ್ತೆ, ಆದ್ರೂ ಅನಾಟಮೀಲಿ ಅದು ಡೀಪ್ ಗುಂಪಿಂದು. ಯಾಕಂದ್ರೆ ಮೇಲಿನ ಟ್ರಪೀಜಿಯಸ್, ಲ್ಯಾಟಿಸಿಮಸ್ ಬೆನ್ನ ಮೇಲೆ ಹರಡ್ಕೊಂಡಿದ್ರೂ ಅವು ಆಡಿಸೋದು ಹೆಗಲು, ತೋಳನ್ನ. ಒಳಗಿನವು ಮಾತ್ರ ಬೆನ್ನಿಗೇ ಹುಟ್ಟಿದವು, ಅವಕ್ಕೆ ನರ ಬರೋದೂ ಬೆನ್ನುಹುರಿಯ ನರದ ಹಿಂದಿನ ಕವಲಿಂದಾನೇ. ಅದಕ್ಕೇ 'ಬೆನ್ನಿನ ಸ್ವಂತ ಸ್ನಾಯು' ಅಂದ್ರೆ ಹೆಂಗೆ ಅಂತ ಯೋಚಿಸ್ತಿದೀನಿ. ನಂಗಂತೂ ಆಳಕ್ಕಿಂತ ಸ್ವಂತ ಅನ್ನೋದೇ ಸರಿ ಅನ್ಸತ್ತೆ.

ಇನ್ನು ಈ ಒಳಗಿನ ಸ್ನಾಯುಗಳ ಒಂದೊಂದರ ಹೆಸರಿನ ವಿಷ್ಯ. ಲಾಂಗಿಸಿಮಸ್ ಅಂದ್ರೆ ಎಲ್ಲಕ್ಕಿಂತ ಉದ್ದಂದು ಅಂತ, ಮಟನ್ ಚಾಪ್ಸಲ್ಲಿ ಮೂಳೆಗೆ ಅಂಟ್ಕೊಂಡಿರೋ ದುಂಡನೆ ಕಂಡ ಇರತ್ತಲ್ಲ ಅದೇ ಇದು, ಹಂಗೆ ಹೇಳಿದ್ರೆ ತಕ್ಷಣ ಅರ್ಥ ಆಗತ್ತೆ (ಮಾಂಸ ತಿನ್ನದವರಿಗೆ ಹೇಳಕ್ಕಾಗಲ್ಲ, ಅದೊಂದು ಕಷ್ಟ). ಮಲ್ಟಿಫಿಡಸ್ ನಂಗೆ ಬಹಳ ಮುಖ್ಯ, ನಮ್ಮ ಎಕ್ಸರ್ಸೈಜಲ್ಲಿ ಅರ್ಧ ಇದಕ್ಕೇ. ಸೊಂಟದ ಹತ್ರ ದಪ್ಪಗಿರತ್ತೆ, ಒಂದೊಂದು ಎಳೆನೂ ಬೆನ್ನುಮೂಳೆಯ ಕೆಳಗಿನ ಮಣಿಯಿಂದ ಓರೆಯಾಗಿ ಹತ್ತಿ 2ರಿಂದ 4 ಮಣಿ ದಾಟಿ ಮೇಲಿನ ಮಣಿಯ ಹಿಂದೆ ಚಾಚಿರೋ ಮುಳ್ಳಿಗೆ ಅಂಟ್ಕೊಳ್ಳತ್ತೆ, ಬೆನ್ನುನೋವು ವರ್ಷಗಟ್ಟಲೆ ಉಳಿದವರಲ್ಲಿ ಇದು ಸೊರಗಿ ಕೊಬ್ಬು ತುಂಬ್ಕೊಂಡಿರೋದು ಎಷ್ಟೋ ಎಮ್ಆರ್‌ಐಲಿ ಕಾಣತ್ತೆ. ಲ್ಯಾಟಿನ್ನಲ್ಲಿ 'ಹಲವಾಗಿ ಸೀಳಿದ್ದು' ಅಂತ ಅರ್ಥ. 'ಹಲಸೀಳು' ಅಂತ ಮಾಡ್ದೆ, ಆದ್ರೆ ಹಲಸಿನ ಸೀಳು ಅಂತ ಓದ್ಕೋತಾರೆ ಅನ್ನೋ ಭಯ. 'ಓರೆಕಂಡ' ಅಂದ್ರೆ? ಕಾಲಿಗೆ ಮೀನಖಂಡ ಅಂತ ಆಕಾರ ನೋಡೇ ತಾನೇ ಹೆಸರಿಟ್ಟಿರೋದು, ಬೆನ್ನಿಗೂ ಅಂಥದ್ದೇ ಯಾಕಾಗಬಾರ್ದು.

ನಿಮ್ಮನೇಲಿ, ನಿಮ್ಮೂರ್ ಕಡೆ, ಬೆನ್ನುಮೂಳೆ ಎರಡೂ ಪಕ್ಕದ ಆ ದಿಂಡಿಗೆ ಏನಾದ್ರೂ ಹೆಸರಿದ್ಯಾ? ಎಣ್ಣೆ ಹಚ್ಚಿ ನೀವೋರು, ಉಳುಕು ತೆಗೆಯೋರು, ಕುಸ್ತಿ ಗರಡಿಯವ್ರು ಏನಂತಾರೆ? ಹಳೇ ಮಾತಾದ್ರೂ ಪರ್ವಾಗಿಲ್ಲ, ಯಾವ ಊರಿಂದು ಅಂತ ಸೇರ್ಸಿ ಬರೀರಿ.