ಕೂಸಿನ ಫ್ಲೆಕ್ಸ್ ಬಗ್ಗೆ ಕಾಕಾಗೆ ಉತ್ತರ

ಕಾಕಾ, ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ನಡುವೆ ಹಾರ್ನ್ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಗಂಗಾವತಿ ಬಸ್ ಬರುವ ತನಕ ನನ್ನ ಮಾತು ಕೇಳಿ.

ಅಕ್ಕನ ಮಗಳ ಐದನೇ ಹುಟ್ಟುಹಬ್ಬಕ್ಕೆ ತೆಗೆಸಿದ ಫೋಟೋವನ್ನು ಸ್ಟುಡಿಯೊದವರು ಆಳೆತ್ತರದ ಫ್ಲೆಕ್ಸ್ ಮಾಡಿ ಸರ್ಕಲ್ಲಿನಲ್ಲಿ ಕಟ್ಟಿದ್ದಾರೆ. ನಾನು ಅದನ್ನು ತೆಗೆಸಬೇಕು ಅಂದೆ. ನೀವು ಬೆಳಿಗ್ಗೆ ಗ್ರೂಪಿನಲ್ಲಿ, "ನಮ್ಮ ಕೂಸು ಊರಿಗೆಲ್ಲ ಕಾಣುತ್ತಿದೆ, ಹೆಮ್ಮೆ ಪಡೋದು ಬಿಟ್ಟು ಹಟ ಯಾಕೆ? ಪತ್ರಿಕೋದ್ಯಮ ಓದಿದ್ದು ಜಾಸ್ತಿ ಆಯ್ತಾ?" ಅಂತ ಬರೆದಿರಿ. ಅದಕ್ಕೆ ಹನ್ನೊಂದು ಜನ ನಗುವ ಇಮೋಜಿ ಹಾಕಿದ್ದಾರೆ. ನಮ್ಮ ಅವ್ವನೂ ಹಾಕಿದ್ದಾಳೆ. ಇರಲಿ.

ಓದಿದ್ದು ಜಾಸ್ತಿ ಆಗಿಲ್ಲ ಕಾಕಾ. ಆದರೆ ಈ ಸೆಮಿಸ್ಟರಿನಲ್ಲಿ ಜಾಹೀರಾತು, ಖಾಸಗಿತನ, ಕಾಪಿರೈಟ್ ಅಂತ ಮೂರು ಪಾಠ ಬೇರೆ ಬೇರೆಯಾಗಿ ಓದಿದ್ದೆ. ಮೂರೂ ಒಂದೇ ಕಂಬಕ್ಕೆ ಕಟ್ಟಿಸಿಕೊಂಡು ನಿಂತದ್ದನ್ನು ನೋಡಿದ್ದು ನಮ್ಮ ಸರ್ಕಲ್ಲಿನಲ್ಲೇ.

ಮೊದಲು ಅದರ ಮೇಲಿನ ಬರಹ ನೋಡಿ. "ಬಾಲ್ಯ ಮತ್ತೆ ಬಾರದು! ಈ ವಾರ ಮಾತ್ರ ಅರ್ಧ ಬೆಲೆ." ಮೂರು ವಾರ ಆಯಿತು, ಇನ್ನೂ ಈ ವಾರವೇ ನಡೀತಾ ಇದೆ! ಆನ್‌ಲೈನ್ ಅಂಗಡಿಗಳು ಇಂಥ ಆಟ ಆಡುತ್ತವೆ ಅಂತಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ 13 ಬಗೆಯ ಮರುಳು ತಂತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ. ಇನ್ನೊಂದು ನನಗೆ ತುಂಬಾ ಹಿಡಿಸಿತು, ನಾಚಿಕೆ ಮಾಡಿಸಿ ಒಪ್ಪಿಸುವುದು. ಟಿಕೆಟ್ ಬುಕ್ ಮಾಡುವಾಗ ಇನ್ಶೂರೆನ್ಸ್ ಬೇಡ ಅನ್ನಬೇಕಾದರೆ "ನಾನು ರಕ್ಷಣೆ ಇಲ್ಲದೆ ಇರುತ್ತೇನೆ" ಅನ್ನುವ ಬಟನ್ನೇ ಒತ್ತಬೇಕು. ಹಾಗೆ ಬರೆದರೆ ಯಾರಿಗೆ ಧೈರ್ಯ ಬರುತ್ತದೆ? ನಮ್ಮ ಸೀರೆ ಅಂಗಡಿಯವರು "ನಿಮ್ಮಂಥವರು ಇಷ್ಟು ಕಡಿಮೆದು ಉಡ್ತೀರಾ ಅಕ್ಕ?" ಅನ್ನುತ್ತಾರಲ್ಲ, ಅದೇ. ಸೀರೆ ಅಂಗಡಿಯಲ್ಲಾದರೆ ನಾವೂ ತಿರುಗಿ ಒಂದು ಮಾತು ಅನ್ನಬಹುದು. ಬಟನ್ನಿಗೆ ಏನು ಅನ್ನೋದು?

ಇನ್ನು ಚಿಕ್ಕಮ್ಮನ ಪ್ರಶ್ನೆ. "ಫೋಟೋ ತೆಗೆದವರು ಅವರು, ಅಂದ ಮೇಲೆ ಫೋಟೋ ಅವರದ್ದೇ ಅಲ್ವಾ?" ಒಳ್ಳೇ ಪ್ರಶ್ನೆ. ಕ್ಲಾಸಿನಲ್ಲಿ ನಾವೂ ಹಾಗೇ ತಿಳಿದಿದ್ದೆವು. ಸಾಮಾನ್ಯವಾಗಿ ತೆಗೆದವರದ್ದೇ ಹಕ್ಕು, ಅದು ನಿಜ. ಆದರೆ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ದುಡ್ಡು ಕೊಟ್ಟು, ನಾವೇ ಹೇಳಿ ಫೋಟೋ ತೆಗೆಸಿದರೆ ಅದರ ಮೊದಲ ಹಕ್ಕುದಾರರು ನಾವು. ಬೇರೆ ಒಪ್ಪಂದ ಆಗಿರಬಾರದು, ಅಷ್ಟೇ. ಅಕ್ಕ ಬಿಲ್ ಹುಡುಕಿ ತೆಗೆದಳು. ಹಿಂದೆ ಮುಂದೆ ಎಲ್ಲ ಓದಿದೆವು. "ಮುಂಗಡ ಹಣ ವಾಪಸ್ ಇಲ್ಲ" ಅಂತ ಬಿಟ್ಟರೆ ಏನೂ ಇಲ್ಲ. ಅಂದರೆ ಕಾಕಾ, ನಮ್ಮ ದುಡ್ಡಿನಲ್ಲಿ ತೆಗೆದ ನಮ್ಮ ಫೋಟೋ ಹಾಕಿಕೊಂಡು ಅವರು ಗಿರಾಕಿ ಕರೆಯುತ್ತಿದ್ದಾರೆ.

ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ಹಾಕಿದರೆ ಕೇಸ್ ಆಗುತ್ತಾ ಅಂತ ತಮ್ಮ ಕೇಳಿದ್ದಾನೆ. ಅದಕ್ಕೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ಧೈರ್ಯವಾಗಿ ಕುಣಿ. ಅದನ್ನೇ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರೆ ಲೆಕ್ಕ ಬೇರೆ. ನನ್ನ ಗವಿಮಠದ ಜಾತ್ರೆ ವಿಡಿಯೊ ಮೂಗನ ಹಾಗೆ ಬಿದ್ದಿದೆಯಲ್ಲ, ಹಿನ್ನೆಲೆಗೆ ಯಾರದೋ ಹಾಡು ಅಂಟಿಸಿದ್ದಕ್ಕೇ ಆ ಗತಿ. ತಪ್ಪು ನನ್ನದೇ.

ಆದರೆ ಕಾಪಿರೈಟ್ ನನ್ನ ಸಂಕಟ ಅಲ್ಲ. ಫ್ಲೆಕ್ಸಿನ ಕೆಳಗೆ ಕೂಸಿನ ಹೆಸರಿದೆ. ಹುಟ್ಟಿದ ತಾರೀಖಿದೆ. ಪಕ್ಕದ ಚಿಕ್ಕ ಫೋಟೋದಲ್ಲಿ ಅವಳು ಯೂನಿಫಾರ್ಮ್ ಹಾಕಿದ್ದಾಳೆ, ಬ್ಯಾಡ್ಜಿನ ಮೇಲೆ ಶಾಲೆಯ ಹೆಸರು ಓದಲು ಬರುತ್ತದೆ. ಹೋದ ವಾರ ಪೇಟೆಯಲ್ಲಿ ಯಾರೋ ಗುರುತಿಲ್ಲದವರು ಅವಳ ಹೆಸರು ಹಿಡಿದು ಕರೆದರಂತೆ, ಚಾಕಲೇಟು ಕೊಟ್ಟರಂತೆ. ಒಳ್ಳೆಯವರೇ ಇರಬಹುದು. ಅಕ್ಕ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಅದನ್ನು ಅವಳು ಗ್ರೂಪಿನಲ್ಲಿ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ. ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ಖಾಸಗಿ ಅನ್ನುವ ಪದ ನಮ್ಮ ಮನೆಯಲ್ಲಿ ಬಸ್ಸಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿಲ್ಲ, ಗೊತ್ತು. "ಅದೆಲ್ಲ ಬೆಂಗಳೂರು ಹುಡುಗರ ಮಾತು" ಅಂದಿರಿ ನೀವು. ಅದಕ್ಕೆ ಇದನ್ನು ಹೇಳಲೇಬೇಕು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸ್ ಹಾಕಿದ್ದು ಕಾಲೇಜು ಹುಡುಗರಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ನಮ್ಮ ಅಜ್ಜಿಗಿಂತ ದೊಡ್ಡವರು ಕಾಕಾ!

ನಾನೂ ಸಾಚಾ ಅಲ್ಲ. ಹೋದ ತಿಂಗಳು ಅಸೈನ್‌ಮೆಂಟಿಗೆ ಅಂತ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಮಾರುವ ಒಬ್ಬ ಅಮ್ಮನ ಫೋಟೋ ತೆಗೆದೆ. ಬೆಳಕು ಚೆನ್ನಾಗಿತ್ತು, ಕೇಳಲಿಲ್ಲ. ಅವರೇ ಕರೆದು "ನನ್ನ ಮಾರಿ ಎಲ್ಲಿಗೆ ಒಯ್ತಿ ಮಗಳ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿಗೆ ಅಂತ ಏನೋ ಹೇಳಿದೆ. ಆದರೆ ಆಗಲೇ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದೆ. ಅಲ್ಲೇ ನಿಂತು ಅಳಿಸಿದೆ. ಅಷ್ಟರಲ್ಲಿ ಎಷ್ಟು ಜನ ನೋಡಿದ್ದರೋ. ಅವರ ಆ ಮಾತು ಕೂಸಿನ ಫ್ಲೆಕ್ಸ್ ನೋಡಿದಾಗ ಮತ್ತೆ ಕಿವಿಗೆ ಬಿತ್ತು.

ಒಂದು ನಿಮಿಷ, ಬಸ್ ಬಂತು ಅಂದುಕೊಂಡೆ. ಅಲ್ಲ, ಸಿರುಗುಪ್ಪದ್ದು.

ಹಾಂ, "ಜನ ಮರುಳಾಗಲು ಅವರೇನು ಕೂಸುಗಳಾ?" ಅಂತಲೂ ಕೇಳಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ರಾತ್ರಿ. 33ರಲ್ಲಿ ಒಂದು ಗೇಟ್ ಹೋಗಿತ್ತು. ನಮ್ಮ ಗ್ರೂಪಿಗೆ ಬಂದ ವಾಯ್ಸ್ ಮೆಸೇಜ್ ಏನಂದಿತು? "ಡ್ಯಾಮ್ ಒಡೆದಿದೆ, ಗಂಗಾವತಿ ಉಳಿಯಲ್ಲ, ನಾನು ಇಲ್ಲೇ ನಿಂತಿದ್ದೀನಿ." ಅವನು ಏದುಸಿರು ಬಿಡುತ್ತಿದ್ದ. ನಮ್ಮದೇ ಮಾತಿನ ಧಾಟಿ. ಯಾರು ಅಂತ ಯಾರಿಗೂ ಗೊತ್ತಿಲ್ಲ. ಮೇಲೆ ಜೋಡಿ ಬಾಣದ ಗುರುತು, ಹಲವು ಬಾರಿ ಫಾರ್ವರ್ಡ್ ಆಗಿದೆ ಅಂತ. ಅಂಥದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬಿಡುತ್ತದೆ. ನೀವು ಒಂದೊಂದಾಗಿ ಒಂಬತ್ತು ಗ್ರೂಪಿಗೆ ಕಳಿಸಿದಿರಿ, ಅದೂ ಕಷ್ಟಪಟ್ಟು. ಅಜ್ಜಿ ಟ್ರಂಕ್ ಕಟ್ಟಿಕೊಂಡು ಬೆಳಗಿನ ತನಕ ಕೂತಿದ್ದಳು. ಬೈಯಲು ಹೇಳುತ್ತಿಲ್ಲ. ನಾನೂ ಅವತ್ತು ನಂಬಿದ್ದೆ, ಹಾಸ್ಟೆಲಿನಲ್ಲಿ ಅತ್ತಿದ್ದೆ. ಅದೇ ಸುದ್ದಿ ಪುಸ್ತಕದ ಭಾಷೆಯಲ್ಲಿ ಬಂದಿದ್ದರೆ ನಂಬುತ್ತಿರಲಿಲ್ಲವೇನೋ.

ನಮ್ಮ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಇದೆಯಲ್ಲ, ಅದೂ ಒಂಥರಾ ಫಾರ್ವರ್ಡೇ. ಅದೇ ಮಾತು ಪಾಲ್ಕಿಗುಂಡಿನಲ್ಲೂ ಇದೆ, ರಾಯಚೂರು ಕಡೆ ಮಸ್ಕಿಯಲ್ಲೂ ಇದೆ. ಆದರೆ ಹೇಳಿದವರು ಯಾರು ಅಂತ ಬರೆಸಿದ್ದಾನೆ. ಮಸ್ಕಿಯಲ್ಲಂತೂ ಅಶೋಕ ಅಂತ ಹೆಸರೇ ಇದೆ.

ಈಗ ಕೆಲಸದ ಮಾತು. ಭಾನುವಾರ ಹತ್ತು ಗಂಟೆಗೆ ಅಕ್ಕ, ನಾನು ಸ್ಟುಡಿಯೊಗೆ ಹೋಗುತ್ತೇವೆ. ಜಗಳಕ್ಕಲ್ಲ. ಫ್ಲೆಕ್ಸ್ ಇಳಿಸಿ, ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದನ್ನೂ ತೆಗೆಯಿರಿ ಅಂತ ಕೇಳುತ್ತೇವೆ. ಒಂದು ಚೀಟಿಯಲ್ಲಿ ಬರೆದುಕೊಂಡೂ ಹೋಗುತ್ತೇವೆ. ಮಾಲೀಕರು ನಿಮ್ಮ ಜೊತೆ ಓದಿದವರಂತೆ. ಅದಕ್ಕೇ ನೀವೂ ಬನ್ನಿ ಕಾಕಾ, ನೀವು ಎದುರಿಗಿದ್ದರೆ ಅವರು ನಮ್ಮನ್ನು ಹುಡುಗಿಯರು ಅಂತ ನಗೆಯಾಡಿ ಕಳಿಸುವುದಿಲ್ಲ. ಮುಗಿಸಿಕೊಂಡು ಒಗ್ಗರಣೆ ಮಿರ್ಚಿ ನನ್ನ ಕಡೆಯಿಂದ.

ಇಳಿಸಿದ ಫ್ಲೆಕ್ಸನ್ನು ಅಲ್ಲೇ ಬಿಟ್ಟು ಬರಬೇಡಿ ಅಂತ ಅಜ್ಜಿ ಹೇಳಿದ್ದಾಳೆ. ಭತ್ತದ ರಾಶಿಗೆ ಹೊದಿಸಲು ಬೇಕಂತೆ. ಕೂಸಿನ ಮುಖ ಒಳಗೆ ಬರುವ ಹಾಗೆ ಹೊದಿಸುತ್ತಾಳಂತೆ. ಬಸ್ ಬಂತು, ಇಡುತ್ತೇನೆ.